ನೋಟು ಮುಟ್ಟಿ ಎಣಿಸುವವರ ಚರಿತ್ರೆ

ನಮ್ಮ ಜನಾಂಗದ ಹೆಸರು ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದು ಎನ್ನುವವರಿದ್ದಾರೆ. ಆ ವಾದ ಸರಿಯೋ ತಪ್ಪೋ ವಿದ್ವಾಂಸರು ನೋಡಿಕೊಳ್ಳಲಿ. ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆ ಎಂದು ಕಾಸರಗೋಡಿನವರೆಗೆ ಬಂದರೆ ನಮ್ಮವರ ಅಂಗಡಿ ಇಲ್ಲದ ಪೇಟೆ ಸಿಗುವುದಿಲ್ಲ. ಬ್ಯಾರಿಗಳ ಚರಿತ್ರೆ ಎಂದರೆ ಹಾಯಿಹಡಗು, ಬಂದರು, ಕರಿಮೆಣಸು ಎಂದು ಓದಿ ಅಭ್ಯಾಸವಾಗಿದೆ. ನಾನು ದಿನಸಿ ಅಂಗಡಿಯವನ ಮಗ. ಗಲ್ಲಾಪೆಟ್ಟಿಗೆಯ ಆಚೆ ನಿಂತವರನ್ನು ನೋಡುತ್ತ ಬೆಳೆದವನು. ಕಣ್ಣು ಕಾಣದವರು ತಮ್ಮ ಹಣವನ್ನು ತಾವೇ ಎಣಿಸಿದ್ದು ಹೇಗೆ ಎಂಬ ಚರಿತ್ರೆಯನ್ನು ನಮ್ಮಲ್ಲಿ ಯಾರೂ ಬರೆದದ್ದು ನಾನು ಓದಿಲ್ಲ. ಗೊತ್ತಿರುವಷ್ಟನ್ನು ಬರೆಯುತ್ತೇನೆ.

ಹಣದಿಂದಲೇ ಯಾಕೆ ಶುರು ಎಂದರೆ, ನಮ್ಮ ಮನೆಗಳಲ್ಲಿ ಕಣ್ಣು ಕಾಣದವರಿಗೆ ಪ್ರೀತಿಗೆ ಕಡಿಮೆ ಇಲ್ಲ. ಹೊತ್ತಿಗೆ ಸರಿಯಾಗಿ ಊಟ, ಪೆರ್ನಾಳಿಗೆ ಹೊಸ ಬಟ್ಟೆ, ವುಝೂ ಮಾಡಲು ನೀರು ತಂದುಕೊಡುವ ಮೊಮ್ಮಕ್ಕಳು, ಎಲ್ಲ ಇದೆ. ಆದರೆ ಅವರ ಕಿಸೆಯಲ್ಲಿ ಹತ್ತು ರೂಪಾಯಿ ಇರುವುದಿಲ್ಲ. ‘ನಿಮಗೆ ಹಣ ಯಾಕೆ, ಬೇಕಾದ್ದನ್ನು ನಾವೇ ತರುತ್ತೇವಲ್ಲ’ ಎನ್ನುತ್ತೇವೆ. ಹೆಂಗಸರಾದರಂತೂ ಈ ಮಾತನ್ನು ಹೇಳುವ ಅಗತ್ಯವೂ ಬೀಳುವುದಿಲ್ಲ. ಪಿಂಚಣಿ ಬಂದರೆ ಅದು ಯಾರ ಕೈಗೆ ಹೋಗುತ್ತದೆ ಎಂದು ಒಮ್ಮೆ ನಿಮ್ಮ ಕುಟುಂಬದಲ್ಲೇ ಕೇಳಿನೋಡಿ.

ಮದ್ರಸದಲ್ಲಿ ಕಲಿತ ಎಲ್ಲರಿಗೂ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ (ರ) ಅವರ ಹೆಸರು ಗೊತ್ತು. ಕುರ್‌ಆನಿನ 80ನೆಯ ಸೂರಃ ‘ಅಬಸ’ ಅವತೀರ್ಣವಾದದ್ದು ಅವರ ಪ್ರಸಂಗದಲ್ಲಿ. ಉಸ್ತಾದರು ಆ ಪ್ರಸಂಗವನ್ನು ಹೇಳಿ ಮುಂದೆ ಹೋಗುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅವರ ಕೆಲಸದ ಸಂಗತಿ. ಮದೀನದಲ್ಲಿ ಬೆಳಗ್ಗೆ ಎರಡು ಬಾಂಗ್ ಇತ್ತು. ಇನ್ನೂ ಕತ್ತಲಿರುವಾಗ ಬಿಲಾಲ್ (ರ) ಅವರದ್ದು, ಬೆಳಕು ಹರಿದ ಮೇಲೆ ಇಬ್ನ್ ಉಮ್ಮು ಮಕ್ತೂಮ್ ಅವರದ್ದು. ಉಪವಾಸ ಹಿಡಿಯುವವರು ಎರಡನೆಯ ಬಾಂಗ್ ತನಕ ಉಣ್ಣಬಹುದು ಎಂದು ಪ್ರವಾದಿಯವರು (ಸ) ಹೇಳಿದ್ದರು. ಅಂದರೆ ಇಡೀ ಊರಿನ ಉಪವಾಸ ನಿಂತಿದ್ದದ್ದು ಬೆಳಕನ್ನೇ ಕಾಣದ ಒಬ್ಬರ ದನಿಯ ಮೇಲೆ. ಬೆಳಗಾಯಿತು ಎಂದು ಜನ ಹೇಳುತ್ತಿದ್ದರು, ಅವರು ಬಾಂಗ್ ಕೊಡುತ್ತಿದ್ದರು. ನೋಡಿ ಹೇಳುವಷ್ಟಕ್ಕೆ ಇನ್ನೊಬ್ಬರು, ಕೆಲಸ ಮಾತ್ರ ಅವರದ್ದೇ. ಪ್ರವಾದಿಯವರು ಮದೀನದಿಂದ ಹೊರಗೆ ಹೋಗುವಾಗ ಹಲವು ಬಾರಿ ಊರಿನ ಹೊಣೆಯನ್ನೂ ಅವರಿಗೇ ಒಪ್ಪಿಸಿದ್ದರು. ಕೈ ಹಿಡಿದು ನಡೆಸುವವರಿಲ್ಲ ಎಂದು ಇವರು ಮಸೀದಿಗೆ ಬರುವುದರಿಂದ ವಿನಾಯಿತಿ ಕೇಳಿದಾಗ, ಬಾಂಗ್ ಕೇಳಿಸುತ್ತದೆಯೇ ಎಂದು ವಿಚಾರಿಸಿ, ಹಾಗಾದರೆ ಬನ್ನಿ ಎಂದದ್ದೂ ಹದೀಸಿನಲ್ಲಿದೆ. ಜಮಾಅತಿನ ಮಹತ್ವ ಹೇಳಲು ಈ ಹದೀಸನ್ನು ಉಸ್ತಾದರು ತೆಗೆಯುತ್ತಾರೆ. ಕಣ್ಣು ಕಾಣದವರನ್ನು ಮನೆಯಲ್ಲಿ ಕೂರಿಸಬೇಡಿ ಎಂಬ ಮಾತೂ ಅದರಲ್ಲಿದೆ ಎಂದು ನಾನು ಓದಿಕೊಂಡಿದ್ದೇನೆ.

ವ್ಯಾಪಾರದ ವಿಷಯಕ್ಕೆ ಬಂದರೆ ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಒಂದು ಕುತೂಹಲದ ಚರ್ಚೆ ಇದೆ. ನಾವು ಬ್ಯಾರಿಗಳು ಶಾಫಿ ಮದ್‌ಹಬಿನವರು. ಕಾಣದ ವಸ್ತುವಿನ ಮಾರಾಟ ಸಿಂಧುವಲ್ಲ ಎಂಬ ನಿಯಮದ ಮೇಲೆ, ಕಣ್ಣು ಕಾಣದವರು ಎದುರಿಗಿರುವ ವಸ್ತುವನ್ನು ತಾವೇ ಕೊಳ್ಳುವುದು, ಮಾರುವುದು ಸಿಂಧುವಾಗುವುದಿಲ್ಲ, ಪ್ರತಿನಿಧಿಯೊಬ್ಬನನ್ನು ನೇಮಿಸಬೇಕು ಎಂಬುದು ಈ ಮದ್‌ಹಬಿನ ಹೆಸರಾಂತ ಅಭಿಪ್ರಾಯ. ಹಣ ಮೊದಲೇ ಕೊಟ್ಟು, ವಸ್ತು ಇಂಥದ್ದೇ ಇರಬೇಕು ಎಂದು ವಿವರಿಸಿ ಮಾಡುವ ‘ಸಲಮ್’ ವ್ಯವಹಾರ ಮಾತ್ರ ಅವರಿಗೂ ಸಲ್ಲುತ್ತದೆ ಎಂದು ಇಮಾಮ್ ನವವಿ ‘ಮಿನ್‌ಹಾಜ್’ನಲ್ಲಿ ಬರೆದಿದ್ದಾರೆ. ಹನಫಿಗಳ ದಾರಿ ಬೇರೆ. ಅವರಲ್ಲಿ ವ್ಯಾಪಾರ ಸಿಂಧು. ಮುಟ್ಟಿ ತಿಳಿಯುವ ವಸ್ತುವನ್ನು ಮುಟ್ಟಿದರೆ, ಮೂಸಿ ತಿಳಿಯುವುದನ್ನು ಮೂಸಿದರೆ, ರುಚಿಯಿಂದ ತಿಳಿಯುವುದನ್ನು ರುಚಿ ನೋಡಿದರೆ ಅದು ಕಣ್ಣಿಂದ ನೋಡಿದ್ದಕ್ಕೆ ಸಮ. ಎರಡೂ ಕಡೆಯ ಕಾಳಜಿ ಒಂದೇ, ಮೋಸ ಆಗಬಾರದು ಎಂದು. ಒಬ್ಬರು ರಕ್ಷಣೆಗೆ ಇನ್ನೊಬ್ಬನನ್ನು ಇಟ್ಟರು, ಇನ್ನೊಬ್ಬರು ಅವರ ಬೆರಳು, ಮೂಗು, ನಾಲಿಗೆಯನ್ನೇ ನಂಬಿದರು. ಇಂದು ಯಾರು ಹೇಗೆ ನಡೆಯಬೇಕು ಎಂಬುದನ್ನು ಉಸ್ತಾದರಲ್ಲಿ ಕೇಳಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಮಸಲ ಹೇಳುವ ಯೋಗ್ಯತೆ ನನಗಿಲ್ಲ. ಮುಟ್ಟಿ ತಿಳಿದದ್ದು ನೋಡಿದ್ದಕ್ಕೆ ಸಮವೇ ಎಂಬ ಪ್ರಶ್ನೆ ನೂರಾರು ವರ್ಷ ಹಿಂದೆಯೇ ಅಂಗಡಿಯ ಕಟ್ಟೆಯ ಮೇಲೆ ಎದ್ದಿತ್ತು ಎಂಬುದಷ್ಟೇ ನನ್ನ ಮಾತು.

ಅದೇ ಪ್ರಶ್ನೆಯನ್ನು ಓದುಬರಹದ ವಿಷಯದಲ್ಲಿ ಎತ್ತಿ ಶಾಲೆ ಕಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿ 13ನೆಯ ಶತಮಾನದಿಂದಲೇ ಮುನ್ನೂರು ಮಂದಿ ಅಂಧರಿಗೆ ರಾಜನೊಬ್ಬ ಕಟ್ಟಿಸಿದ ಆಶ್ರಯ ಇತ್ತು. ಆಶ್ರಯ ಇದ್ದರೂ ಅವರ ಬದುಕು ನಡೆಯುತ್ತಿದ್ದದ್ದು ಭಿಕ್ಷೆಯಿಂದ. 1771ರಲ್ಲಿ ಒಂದು ಸಂತೆಯಲ್ಲಿ ಅಂಧ ಸಂಗೀತಗಾರರಿಗೆ ಕತ್ತೆಯ ಕಿವಿ, ರಟ್ಟಿನ ಕನ್ನಡಕ ಹಾಕಿಸಿ ಕುಣಿಸಿ ಜನ ನಗುವುದನ್ನು ವಾಲಂತಾನ್ ಆಯುಯಿ ಎಂಬಾತ ಕಂಡ. 1780ರ ದಶಕದಲ್ಲಿ ಒಬ್ಬ ಭಿಕ್ಷೆಯ ಹುಡುಗನನ್ನು, ಅವನ ದಿನದ ಗಳಿಕೆ ನಷ್ಟವಾಗದ ಹಾಗೆ ಹಣ ಕೊಟ್ಟು, ಓದಲು ಕೂರಿಸಿದ. ಉಬ್ಬು ಅಕ್ಷರಗಳನ್ನು ಬೆರಳಲ್ಲಿ ತಡವಿ ಹುಡುಗ ಓದಿದ. ಅಲ್ಲಿಂದ ಜಗತ್ತಿನ ಮೊದಲ ಅಂಧರ ಶಾಲೆ ಹುಟ್ಟಿತು. ಆದರೆ ಆಯುಯಿಯ ಪುಸ್ತಕಗಳು ಕಣ್ಣಿದ್ದವರ ಅಕ್ಷರವನ್ನೇ ಉಬ್ಬಿಸಿದ ಪುಸ್ತಕಗಳು. ದೊಡ್ಡವು, ಭಾರ, ಓದಲು ನಿಧಾನ. ಅದರಲ್ಲಿ ಓದಬಹುದು, ಬರೆಯಲಾಗದು. ಬರೆಯಲಾಗದವನು ತನ್ನ ಲೆಕ್ಕವನ್ನು ತಾನು ಇಡುವುದು ಹೇಗೆ?

ಆ ಕೊರತೆ ತುಂಬಿಸಿದ್ದು ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಹುಟ್ಟಿದ್ದು 1809ರ ಜನವರಿ 4ರಂದು, ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು, ಲಗಾಮು ಹೊಲಿಯುವವ. ಮೂರು ವರ್ಷದ ಮಗು ಅಪ್ಪನ ಕೆಲಸದ ಕೋಣೆಯಲ್ಲಿ ಚರ್ಮ ತೂತು ಮಾಡುವ ಚೂಪು ಹತಾರ ಹಿಡಿದು ಆಡುವಾಗ ಕಣ್ಣಿಗೆ ಚುಚ್ಚಿಕೊಂಡಿತು. ನಂಜಾಗಿ ಇನ್ನೊಂದು ಕಣ್ಣೂ ಹೋಯಿತು. 1819ರಲ್ಲಿ ಪ್ಯಾರಿಸ್ಸಿನ ಶಾಲೆಗೆ ಸೇರಿದ ಈ ಹುಡುಗನ ಕೈಗೆ ಬಾರ್ಬಿಯೇ ಎಂಬ ಸೈನ್ಯಾಧಿಕಾರಿ ರೂಪಿಸಿದ 12 ಚುಕ್ಕಿಗಳ ಬರವಣಿಗೆ ಸಿಕ್ಕಿತು. 12 ಚುಕ್ಕಿ ಬೆರಳ ತುದಿಗೆ ಒಮ್ಮೆಗೇ ಸಿಗುವುದಿಲ್ಲ, ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಲೂಯಿ ಅದನ್ನು ಆರಕ್ಕೆ ಇಳಿಸಿದ. ಎಡಕ್ಕೆ ಮೂರು, ಬಲಕ್ಕೆ ಮೂರು. ಆರು ಚುಕ್ಕಿಗಳಿಂದ 63 ಬೇರೆ ಬೇರೆ ಗುರುತು ಸಿಗುತ್ತದೆ, ಪ್ರತಿಯೊಂದೂ ಬೆರಳ ತುದಿಯ ಕೆಳಗೆ ಒಂದೇ ಸಲಕ್ಕೆ ಕೂರುತ್ತದೆ. 1829ರಲ್ಲಿ ಅವನ ಪುಸ್ತಕ ಹೊರಬಂತು. ಶಾಲೆಯ ಆಡಳಿತಕ್ಕೆ ಇದು ಒಗ್ಗಲಿಲ್ಲ. 1840ರ ದಶಕದಲ್ಲಿ ಒಬ್ಬ ನಿರ್ದೇಶಕ ಬ್ರೈಲನ್ನು ನಿಷೇಧಿಸಿಯೂ ನೋಡಿದ. ಮಕ್ಕಳು ಬಿಡಲಿಲ್ಲ. ಲೂಯಿ 1852ರಲ್ಲಿ ತೀರಿಕೊಂಡ, ಫ್ರಾನ್ಸ್ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ.

ಬರೆಯುವ ಸಾಧನ ನೋಡಿದರೆ ನನ್ನಂಥವನಿಗೆ ಖುಷಿಯಾಗುತ್ತದೆ. ಬ್ರೈಲ್ ಸ್ಲೇಟ್ ಎಂದರೆ ಎರಡು ಪಟ್ಟಿ, ನಡುವೆ ದಪ್ಪ ಕಾಗದ. ಮೇಲಿನ ಪಟ್ಟಿಯಲ್ಲಿ ಕಿಟಕಿಗಳು, ಕೆಳಗಿನದರಲ್ಲಿ ಕುಳಿಗಳು. ಚೂಪು ಮೊಳೆಯಂಥ ಸ್ಟೈಲಸ್‌ನಿಂದ ಒತ್ತಿದರೆ ಚುಕ್ಕಿ ಕಾಗದದ ಹಿಂಬದಿಗೆ ಉಬ್ಬುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ, ಅಕ್ಷರವನ್ನು ತಿರುಗಿಸಿ ಬರೆಯಬೇಕು. ಕಾಗದ ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಲೂಯಿಯ ಕಣ್ಣು ತೆಗೆದ ಹತಾರಕ್ಕೂ ಈ ಸ್ಟೈಲಸ್‌ಗೂ ಆಕಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. 1951ರಲ್ಲಿ ಅಮೆರಿಕದ ಪರ್ಕಿನ್ಸ್ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ಡೇವಿಡ್ ಅಬ್ರಹಾಂ ವಿನ್ಯಾಸ ಮಾಡಿದ ಬ್ರೈಲ್ ಯಂತ್ರ ಬಂದ ಮೇಲೆ ಈ ಮಗುಚುವ ಕಷ್ಟ ತಪ್ಪಿತು. ಚುಕ್ಕಿಗೊಂದರಂತೆ ಆರು ಕೀಲಿ. ಬೇಕಾದವನ್ನು ಒಟ್ಟಿಗೆ ಒತ್ತಿದರೆ ಅಕ್ಷರ ಮೇಲ್ಮುಖವಾಗಿ ಮೂಡುತ್ತದೆ, ಬರೆಯುತ್ತಲೇ ಓದಬಹುದು. ಲಿವರ್ ಮತ್ತು ಸ್ಪ್ರಿಂಗಿನ ಯಂತ್ರ, ಕರೆಂಟು ಬೇಡ. ನಮ್ಮ ಪಕ್ಕದ ತಮಿಳುನಾಡಿನ ಕಾಟ್ಪಾಡಿಯಲ್ಲೂ ಈ ಯಂತ್ರ ತಯಾರಾಗಿದೆ.

ನಮ್ಮ ದೇಶದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. ಮೈಸೂರಿನ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರದ್ದು. ನಮ್ಮ ಕಾಸರಗೋಡಿನ ವಿದ್ಯಾನಗರದಲ್ಲೂ ಸರಕಾರಿ ಅಂಧರ ಶಾಲೆ ಇದೆ, ಬಸ್ಸಿನಲ್ಲಿ ಆ ದಾರಿ ಹೋಗುವ ಎಷ್ಟೋ ಮಂದಿಗೆ ಅದು ಗೊತ್ತಿಲ್ಲ. ಮೊದಮೊದಲು ಇಲ್ಲಿ ಒಂದೊಂದು ಕಡೆ ಒಂದೊಂದು ಬಗೆಯ ಬ್ರೈಲ್ ಇತ್ತು. 1951ರಲ್ಲಿ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಬಂತು. ಅದರ ತತ್ವ ಸರಳ. ಲಿಪಿ ಯಾವುದೇ ಇರಲಿ, ಉಚ್ಚಾರ ಒಂದೇ ಆದರೆ ಚುಕ್ಕಿಯೂ ಒಂದೇ. ಎಡಗಡೆಯ ಮೇಲಿನ ಮತ್ತು ಕೆಳಗಿನ ಚುಕ್ಕಿ ಕನ್ನಡದಲ್ಲೂ ‘ಕ’, ಮಲಯಾಳದಲ್ಲೂ ‘ಕ’, ಹಿಂದಿಯಲ್ಲೂ ‘ಕ’. ಗಡಿಯಲ್ಲಿ ಬೋರ್ಡು ಯಾವ ಲಿಪಿಯಲ್ಲಿರಬೇಕು ಎಂದು ಜಗಳ ನೋಡುತ್ತ ಬೆಳೆದ ನಮಗೆ ಇದು ಸಣ್ಣ ಸಂಗತಿ ಅಲ್ಲ. ‘ಉಮ್ಮ’ ಎಂದು ಕನ್ನಡ ಶಾಲೆಯಲ್ಲಿ ಕಲಿತ ಅಂಧ ಮಗು ಬರೆದರೂ, ಮಲಯಾಳ ಶಾಲೆಯಲ್ಲಿ ಕಲಿತ ಮಗು ಬರೆದರೂ ಕಾಗದದ ಮೇಲೆ ಏಳುವ ಚುಕ್ಕಿಗಳು ಅವೇ. ಇನ್ನೊಂದು ಹೇಳಲೇಬೇಕು: ಅರಬಿ ಬ್ರೈಲನ್ನು ಎಡದಿಂದ ಬಲಕ್ಕೆ ಓದುತ್ತಾರೆ. ಅಲ್ಲಿಯ ಅಲಿಫ್ ಒಂದೇ ಚುಕ್ಕಿ, ನಮ್ಮ ‘ಅ’ ಕೂಡ ಅದೇ ಚುಕ್ಕಿ. ಅಲ್ಲಿಯ ‘ಬಾ’ ಎರಡು ಚುಕ್ಕಿ, ನಮ್ಮ ‘ಬ’ ಕೂಡ ಅದೇ ಎರಡು ಚುಕ್ಕಿ.

ಲೆಕ್ಕಕ್ಕೆ ಭಾರತದ ಅಂಧರ ಶಾಲೆಗಳಲ್ಲಿ ಟೇಲರ್ ಫ್ರೇಮ್ ಎಂಬ ಹಲಗೆ ಬಳಕೆಯಲ್ಲಿದೆ. ಎಂಟು ಮೂಲೆಯ ತೂತುಗಳ ಸಾಲು, ಅದರಲ್ಲಿ ನಿಲ್ಲಿಸಲು ಚೌಕಾಕಾರದ ಸಣ್ಣ ಲೋಹದ ತುಂಡುಗಳು. ತುಂಡಿನ ಒಂದು ತುದಿಯಲ್ಲಿ ಉದ್ದ ಏಣು, ಇನ್ನೊಂದು ತುದಿಯಲ್ಲಿ ಎರಡು ಮೊನೆ. ಎಂಟು ದಿಕ್ಕಿಗೆ ತಿರುಗಿಸಿದರೆ ಎಂಟು ಗುರುತು, ತಲೆಕೆಳಗೆ ಮಾಡಿದರೆ ಇನ್ನೆಂಟು. ಹತ್ತು ಅಂಕಿ ಹೋಗಿ ಕೂಡಿಸುವ, ಕಳೆಯುವ ಗುರುತಿಗೂ ಜಾಗ ಉಳಿಯುತ್ತದೆ. ಉಪ್ಪ ಅಂಗಡಿಯಲ್ಲಿ ಸಿಗರೇಟು ಪ್ಯಾಕಿನ ರಟ್ಟಿನ ಮೇಲೆ ಮಾಡುತ್ತಿದ್ದ ಕೂಡು-ಕಳೆಯನ್ನು ಈ ಹಲಗೆಯ ಮೇಲೆ ಪೂರ್ತಿ ಮಾಡಬಹುದು.

ಆದರೆ ಶಾಲೆಗೆ ಹೋಗದವರೇ ಹೆಚ್ಚು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಿಗೆ ಬ್ರೈಲ್ ಕಲಿಸುವವರು ಯಾರು? ಅವರ ಲೆಕ್ಕವೆಲ್ಲ ನಾಣ್ಯ ಮತ್ತು ನೋಟಿನ ಮೇಲೆಯೇ ನಿಂತಿತ್ತು. ನಮ್ಮ ಅಂಗಡಿಗೆ ದಿನಾ ಅಸರ್ ನಮಾಝಿನ ನಂತರ ಒಬ್ಬರು ಕಾಕ ಬರುತ್ತಿದ್ದರು. ನಲವತ್ತರ ಸುಮಾರಿಗೆ ಕಣ್ಣಿನ ಒತ್ತಡದ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಕೈಯಲ್ಲಿ ಒಂದು ಬೆತ್ತ. ವಿದೇಶಗಳಲ್ಲಿ ಬಿಳಿ ಕೋಲಿಗೂ ಒಂದು ಶಾಸ್ತ್ರ ಇದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ಎಂಬವರು ಎದೆಯ ಎತ್ತರದ ಹಗುರ ಕೋಲು ಮಾಡಿ, ಎಡಗಾಲು ಮುಂದಿಡುವಾಗ ಬಲಕ್ಕೆ, ಬಲಗಾಲು ಮುಂದಿಡುವಾಗ ಎಡಕ್ಕೆ ತಟ್ಟುತ್ತ ನಡೆಯುವುದನ್ನು ಕಲಿಸಿದರು. ಕಾಕನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ರಸ್ತೆ ಬದಿಯ ಚರಂಡಿಯ ಕಲ್ಲಿಗೆ ಬೆತ್ತ ತಾಗಿಸಿಕೊಂಡು, ಮಿಲ್ಲಿನ ಸದ್ದು, ಬೇಕರಿಯ ವಾಸನೆ ಗುರುತು ಹಿಡಿದು ಬರುತ್ತಿದ್ದರು. ಹೆದ್ದಾರಿ ಅಗಲ ಮಾಡುವ ಕೆಲಸ ಬಂದು ಆ ಚರಂಡಿಯ ಕಲ್ಲೂ ಹೋಯಿತು, ಬೇಕರಿಯೂ ಹೋಯಿತು. ಅದು ಬೇರೆ ಕಥೆ.

ನಾನು ಚಿಕ್ಕವನಿದ್ದಾಗ ನಾಣ್ಯಗಳಿಗೆ ಆಕಾರ ಇತ್ತು. ಐದು ಪೈಸೆ ಚೌಕ, ಹಳೆಯ ಹತ್ತು ಪೈಸೆಗೆ ಹೂವಿನಂಥ ಅಂಚು, ಇಪ್ಪತ್ತು ಪೈಸೆಗೆ ಆರು ಮೂಲೆ, ಎರಡು ರೂಪಾಯಿಗೆ ಹನ್ನೊಂದು ಮೂಲೆ, ಐದು ರೂಪಾಯಿ ದಪ್ಪ ಬಿಲ್ಲೆ. ಕಾಕ ಕಿಸೆಯೊಳಗೇ ಹೆಬ್ಬೆರಳು ಆಡಿಸಿ ಬೇಕಾದ್ದನ್ನು ಮಾತ್ರ ಹೊರಗೆ ತೆಗೆಯುತ್ತಿದ್ದರು. ನಮಗಿಂತ ಬೇಗ. ಆಮೇಲೆ ಉಕ್ಕಿನ ದುಂಡು ನಾಣ್ಯಗಳು ಬಂದವು, ಎರಡು ರೂಪಾಯಿಯ ಮೂಲೆಗಳು ಮಾಯವಾದವು. ಅಳತೆ ನೋಡಿ: 1990ರ ದಶಕದ ಉಕ್ಕಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ. 2011ರ ಸರಣಿಯ ಎರಡು ರೂಪಾಯಿ 25 ಮಿಲಿಮೀಟರ್. 2019ರ ಸರಣಿಯ ಐದು ರೂಪಾಯಿಯೂ 25 ಮಿಲಿಮೀಟರ್. ಈ 2019ರ ಸರಣಿ ಮಾಡಿದ್ದೇ ದೃಷ್ಟಿ ದೋಷ ಇದ್ದವರಿಗೆ ಅನುಕೂಲವಾಗಲಿ ಎಂದು. ಅದನ್ನಷ್ಟೇ ತೆಗೆದುಕೊಂಡರೆ ಚೆನ್ನಾಗಿಯೇ ಇದೆ. ಬೆಲೆ ಏರಿದ ಹಾಗೆ ತೂಕ ಏರುತ್ತದೆ, ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ. ಆದರೆ ಕಿಸೆಯಲ್ಲಿ ಮೂರು ಕಾಲದ ನಾಣ್ಯಗಳೂ ಒಟ್ಟಿಗೆ ಇರುತ್ತವಲ್ಲ.

ನೋಟಿನ ವಿಷಯದಲ್ಲಿ ನಮ್ಮ ದೇಶ ಒಂದು ಕಾಲಕ್ಕೆ ಅಮೆರಿಕಕ್ಕಿಂತ ಮುಂದಿತ್ತು ಎಂದರೆ ನಂಬುತ್ತೀರಾ? ಅಲ್ಲಿ ಒಂದು ಡಾಲರಿನಿಂದ ನೂರು ಡಾಲರಿನವರೆಗೆ ಎಲ್ಲ ನೋಟೂ ಒಂದೇ ಗಾತ್ರ. ಅಂಧರ ಸಂಘಟನೆ ಮೊಕದ್ದಮೆ ಹೂಡಿ, 2008ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದು ತಾರತಮ್ಯ ಎಂದಿತು. ನಮ್ಮಲ್ಲಿ 1996ರಲ್ಲಿ ಶುರುವಾದ ಮಹಾತ್ಮ ಗಾಂಧಿ ಸರಣಿಯಲ್ಲಿ ನೂರರ ನೋಟು 157 ಮಿಲಿಮೀಟರ್ ಉದ್ದ, ಐನೂರು 167, ಸಾವಿರ 177. ಒಂದಕ್ಕೂ ಇನ್ನೊಂದಕ್ಕೂ ಸರಿಯಾಗಿ ಹತ್ತು ಮಿಲಿಮೀಟರ್. ವರ್ಕ್‌ಶಾಪಿನಲ್ಲಿ ನಾವು ಬಳಸುವ ಗೇಜಿನ ಹಾಗೆ. ಜೊತೆಗೆ ಮುಟ್ಟಿದರೆ ಸಿಗುವ ಉಬ್ಬು ಗುರುತು: ಇಪ್ಪತ್ತಕ್ಕೆ ನಿಂತ ಆಯತ, ಐವತ್ತಕ್ಕೆ ಚೌಕ, ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ, ಸಾವಿರಕ್ಕೆ ವಜ್ರಾಕಾರ. ಹಳತಾದ ನೋಟಿನಲ್ಲಿ ಈ ಉಬ್ಬು ಸವೆದು ಹೋಗುತ್ತದೆ, ಮೀನು ಮಾರ್ಕೆಟಿನಿಂದ ಬಂದ ನೋಟಿನಲ್ಲಂತೂ ಕೇಳಬೇಡಿ. ಹಾಗಾಗಿ ಉದ್ದವೇ ಆಧಾರ. ಕಾಕನದ್ದು ಇನ್ನೂ ಒಂದು ಕ್ರಮ ಇತ್ತು. ನೋಟು ಕೈಗೆ ಬಂದ ಕೂಡಲೇ ಎಷ್ಟರದ್ದು ಎಂದು ಒಮ್ಮೆ ಉಪ್ಪನಲ್ಲಿ ಕೇಳಿ, ಹತ್ತನ್ನು ಮಡಚದೆ, ಇಪ್ಪತ್ತನ್ನು ಅಡ್ಡಕ್ಕೆ ಒಂದು ಮಡಿಕೆ, ಐವತ್ತನ್ನು ಎರಡು ಮಡಿಕೆ, ನೂರನ್ನು ಉದ್ದಕ್ಕೆ ಮಡಚಿ ಇಡುತ್ತಿದ್ದರು. ಆಮೇಲೆ ಯಾರನ್ನೂ ಕೇಳುವ ಅಗತ್ಯ ಇಲ್ಲ. ಲೋಕದ ಹಲವು ಕಡೆ ಅಂಧರು ಇದೇ ಕ್ರಮ ಬಳಸುತ್ತಾರೆ ಎಂದು ನಾನು ಬಹಳ ಕಾಲದ ನಂತರ ಓದಿದೆ.

2016ರ ನವೆಂಬರ್ 8ರ ರಾತ್ರಿಯ ಕಥೆ ಎಲ್ಲರಿಗೂ ಗೊತ್ತು. ಸಾಲಿನಲ್ಲಿ ನಿಂತವರ ಕಷ್ಟ ಪತ್ರಿಕೆಗಳಲ್ಲಿ ಬಂತು. ಬೆರಳಿನ ಕಷ್ಟ ಅಷ್ಟಾಗಿ ಬರಲಿಲ್ಲ. ರದ್ದಾದ ಐನೂರರ ನೋಟು 167 ಮಿಲಿಮೀಟರ್ ಉದ್ದವಿತ್ತು, ಹೊಸ ಎರಡು ಸಾವಿರದ್ದು 166. ಹೊಸ ಐನೂರು 150ಕ್ಕೆ ಇಳಿಯಿತು, ಅಂದರೆ ಆಗಲೂ ಚಲಾವಣೆಯಲ್ಲಿದ್ದ ಹಳೆಯ ನೂರಕ್ಕಿಂತ ಗಿಡ್ಡ. ಮರುವರ್ಷ ಆಗಸ್ಟಿನಲ್ಲಿ ಇನ್ನೂರರ ನೋಟು ಬಂತು, 146 ಮಿಲಿಮೀಟರ್. ಹಳೆಯ ಇಪ್ಪತ್ತರ ನೋಟು 147. ಇಪ್ಪತ್ತಕ್ಕೂ ಇನ್ನೂರಕ್ಕೂ ಉದ್ದದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ, ಅಗಲದಲ್ಲಿ ಮೂರು. ಹೊಸ ಸರಣಿಯಲ್ಲಿ ಹತ್ತು ಮಿಲಿಮೀಟರಿನ ಅಂತರ ಹೋಗಿ, ಇನ್ನೂರಕ್ಕೂ ಐನೂರಕ್ಕೂ ನಡುವೆ ನಾಲ್ಕೇ ಮಿಲಿಮೀಟರ್ ಉಳಿಯಿತು. ನೂರರಿಂದ ಮೇಲಿನ ನೋಟುಗಳ ಅಂಚಿನಲ್ಲಿ ಉಬ್ಬು ಗೆರೆಗಳನ್ನು ಕೊಟ್ಟರು ನಿಜ. ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ಸಣ್ಣ ವೃತ್ತ, ಐನೂರಕ್ಕೆ ಐದು, ಎರಡು ಸಾವಿರಕ್ಕೆ ಏಳು. ಹೊಚ್ಚ ಹೊಸ ನೋಟಿನಲ್ಲಿ ನನ್ನ ಬೆರಳಿಗೆ ಆ ಗೆರೆ ಸಿಗುತ್ತದೆ. ಆರು ತಿಂಗಳು ಓಡಾಡಿದ ನೋಟಿನಲ್ಲಿ ಎಣಿಸಲು ಸಾಧ್ಯವಾಗಲಿಲ್ಲ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಮಲಯಾಳ ಇದೆ, ಬೆರಳಿಗೆ ಮಾತ್ರ ಏನೂ ಬರೆದಿಲ್ಲ ಎಂದು ಉಪ್ಪ ಆಗ ಹೇಳುತ್ತಿದ್ದರು.

ಕಾಕನಿಗೆ ಎಲ್ಲಿಯೋ ಒಂದು ಕಡೆ ಇನ್ನೂರು ಎಂದು ಇಪ್ಪತ್ತು ಕೊಟ್ಟು ಕಳುಹಿಸಿದರು. ಕೊಟ್ಟವನು ಬೇಕೆಂದೇ ಮಾಡಿದ್ದೋ ಗಡಿಬಿಡಿಯೋ ತಿಳಿಯದು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರ ಮಗ ‘ಇನ್ನು ಹಣ ನನ್ನಲ್ಲಿರಲಿ ಉಪ್ಪಾ’ ಎಂದ. ಕಾಕ ಒಪ್ಪಲಿಲ್ಲ. ಮರುದಿನ ಬಂದು ನಮ್ಮ ಉಪ್ಪನಲ್ಲಿ, ‘ನನ್ನ ಹಣವನ್ನೆಲ್ಲ ಹತ್ತರ ನೋಟು ಮಾಡಿಕೊಡು’ ಎಂದರು. ಆಮೇಲೆ ಅವರ ಹತ್ತಿರ ಇದ್ದದ್ದು ಹತ್ತರ ನೋಟು ಮಾತ್ರ. ಮುನ್ನೂರು ರೂಪಾಯಿಯ ಸಾಮಾನಿಗೆ ಮೂವತ್ತು ನೋಟು ಎಣಿಸಿ ಕೊಡುತ್ತಿದ್ದರು. ಹಿಂದೆ ನಿಂತ ಗಿರಾಕಿಗಳು ಗೊಣಗಿದರೆ ಉಪ್ಪ ಕೇಳಿಸದ ಹಾಗೆ ಇರುತ್ತಿದ್ದರು. ಅವರಿಗಾಗಿ ಹತ್ತರ ಕಟ್ಟು ಬೇರೆ ಡಬ್ಬಿಯಲ್ಲಿ ಇರುತ್ತಿತ್ತು.

ರಾಷ್ಟ್ರೀಯ ಅಂಧರ ಸಂಘ ಈ ನೋಟು, ನಾಣ್ಯಗಳ ಗೊಂದಲವನ್ನು ಬಾಂಬೆ ಹೈಕೋರ್ಟಿಗೆ ಒಯ್ದಿತು. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ‘ಮನಿ’ ಎಂಬ ಮೊಬೈಲ್ ಆ್ಯಪ್ ಹೊರತಂದಿತು. ನೋಟನ್ನು ಕ್ಯಾಮೆರಾದ ಮುಂದೆ ಹಿಡಿದರೆ ಎಷ್ಟರದ್ದು ಎಂದು ಹೇಳುತ್ತದೆ, ಇಂಟರ್ನೆಟ್ ಬೇಡ. ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. ಒಳ್ಳೆಯ ಕೆಲಸವೇ. ಆದರೆ ಸ್ಮಾರ್ಟ್‌ಫೋನ್ ಇರಬೇಕು, ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದವನು ಇನ್ನೊಂದು ಕೈಯಲ್ಲಿ ನೋಟನ್ನೂ ಫೋನನ್ನೂ ಹಿಡಿಯಬೇಕು.

ಬ್ಯಾಂಕಿನ ಮಾತು ಬಂದರೆ, ಅಂಧರಿಗೆ ಚೆಕ್ ಪುಸ್ತಕ, ಎಟಿಎಂ, ಲಾಕರ್ ಯಾವುದನ್ನೂ ಕಣ್ಣಿಲ್ಲದ ಕಾರಣಕ್ಕೆ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರ ಜೂನಿನಲ್ಲೇ ಸುತ್ತೋಲೆ ಹೊರಡಿಸಿದೆ. 2012ರಲ್ಲಿ ಅಹಮದಾಬಾದಿನಲ್ಲಿ ಮಾತನಾಡುವ ಎಟಿಎಂ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೆಯ ಕಲಂ, ಆಸ್ತಿ ಹೊಂದುವ, ತನ್ನ ಹಣಕಾಸನ್ನು ತಾನೇ ನಡೆಸುವ, ಸಾಲ ಪಡೆಯುವ ಹಕ್ಕು ಎಲ್ಲರ ಹಾಗೆ ಇವರಿಗೂ ಇದೆ ಎನ್ನುತ್ತದೆ. ಆದರೂ ಕಾಕ ಖಾತೆ ತೆರೆಯಲು ಹೋದ ಬ್ಯಾಂಕಿನಲ್ಲಿ ಮಗನ ಹೆಸರು ಜಂಟಿಯಾಗಿ ಸೇರಿಸಿ ಎಂದರು. ಸುತ್ತೋಲೆಯ ಪ್ರಿಂಟ್ ತೆಗೆದುಕೊಟ್ಟದ್ದು ನಾನು. ಎರಡನೆಯ ಸಲ ಹೋದಾಗ ಅವರ ಒಬ್ಬರ ಹೆಸರಲ್ಲೇ ಖಾತೆ ಆಯಿತು. ಬೇಕಾದವರು ಈ ಸುತ್ತೋಲೆಯನ್ನು ಕೇಳಿ ಪಡೆಯಿರಿ, ಅದು ಗುಟ್ಟಿನ ಕಾಗದ ಅಲ್ಲ.

ಈಗ ಅಂಗಡಿಗಳಲ್ಲಿ ಹಣ ಬಂದ ಕೂಡಲೇ ಕೂಗಿ ಹೇಳುವ ಸಣ್ಣ ಪೆಟ್ಟಿಗೆ ಇದೆಯಲ್ಲ, ಅದನ್ನು ಮಾಡಿದ್ದು ಕಣ್ಣಿದ್ದ ಅಂಗಡಿಯವರಿಗೆ ಫೋನು ನೋಡುವ ಪುರುಸೊತ್ತು ಇಲ್ಲ ಎಂದು. ಕಣ್ಣು ಕಾಣದ ವ್ಯಾಪಾರಿಗೆ ಅದರಿಂದ ಆದ ಉಪಕಾರ ನೋಟಿನ ಯಾವ ಗುರುತಿನಿಂದಲೂ ಆಗಿಲ್ಲ ಎಂದು ನನಗನಿಸುತ್ತದೆ. ಕೊಡುವವರ ಕಡೆ ಮಾತ್ರ ಇನ್ನೂ ತೊಡಕು. ಕ್ಯೂಆರ್ ಕಾಗದ ಎಲ್ಲಿ ಅಂಟಿಸಿದ್ದಾರೆ ಎಂದು ಮುಟ್ಟಿ ತಿಳಿಯುವ ಉಪಾಯ ಹೆಚ್ಚಿನ ಅಂಗಡಿಗಳಲ್ಲಿ ಇಲ್ಲ.

ನೋಟು ಬಳಸುವವರಿಗಾಗಿ ಒಂದು ಅಳತೆಪಟ್ಟಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಸುಮಾರು 160 ಮಿಲಿಮೀಟರ್ ಉದ್ದದ ಗಟ್ಟಿ ಪ್ಲಾಸ್ಟಿಕ್ ಅಥವಾ ರಟ್ಟು ತೆಗೆದುಕೊಳ್ಳಿ. ಎಡ ತುದಿಗೆ ನೋಟು ತಾಗಿ ನಿಲ್ಲುವ ಹಾಗೆ ಒಂದು ತಡೆ ಅಂಟಿಸಿ. ಅಲ್ಲಿಂದ 123, 129, 135, 142, 146, 150 ಮಿಲಿಮೀಟರಿಗೆ ಬ್ಲೇಡಿನಲ್ಲಿ ಕಚ್ಚು ಹಾಕಿ. ಇವು ಹೊಸ ಸರಣಿಯ ಹತ್ತು, ಇಪ್ಪತ್ತು, ಐವತ್ತು, ನೂರು, ಇನ್ನೂರು, ಐನೂರರ ಉದ್ದ. ನೋಟನ್ನು ತಡೆಗೆ ಒತ್ತಿ ಹಿಡಿದು, ಅದರ ಇನ್ನೊಂದು ತುದಿ ಯಾವ ಕಚ್ಚಿಗೆ ಬರುತ್ತದೆ ಎಂದು ಉಗುರಿನಿಂದ ನೋಡಿ. ಕಚ್ಚು ಹಾಕುವಾಗ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಇನ್ನೂರು, ಐನೂರರಲ್ಲಿ ಗೊಂದಲ ಆಗುತ್ತದೆ, ವರ್ನಿಯರ್ ಇದ್ದವರಲ್ಲಿ ಅಳೆಸಿಕೊಳ್ಳಿ. ಹಳೆಯ ನೂರು 157 ಮಿಲಿಮೀಟರ್, ಕೊನೆಯ ಕಚ್ಚನ್ನು ದಾಟಿ ಹೋದದ್ದೆಲ್ಲ ಅದೇ. ಹಳೆಯ ಹತ್ತು 137, ಐವತ್ತರ ಕಚ್ಚಿಗೆ ತುಸು ಆಚೆ ನಿಲ್ಲುತ್ತದೆ. ಹಳೆಯ ಇಪ್ಪತ್ತು ಇನ್ನೂರರ ಕಚ್ಚಿನ ಹತ್ತಿರವೇ ಬಂದು ನಿಲ್ಲುತ್ತದೆ. ಅದಕ್ಕೆ ಪಟ್ಟಿಯ ಅಡ್ಡಕ್ಕೂ 63 ಮತ್ತು 66 ಮಿಲಿಮೀಟರಿಗೆ ಎರಡು ಕಚ್ಚು ಹಾಕಿ ಅಗಲವನ್ನು ನೋಡಬೇಕು. 63 ಬಂದರೆ ಇಪ್ಪತ್ತು, 66 ಬಂದರೆ ಇನ್ನೂರು.